ನಡುವಿನ ಜಾಗ

ತಕಾಯಾಮಾದ ಹಳೇ ಪೇಟೆ ಬೀದಿಯಲ್ಲಿ ಸುಟ್ಟ ಅಕ್ಕಿ ಉಂಡೆ ಮಾರುವ ಮುದುಕಿ ಫೋಟೋ ತೆಗೆಯಲು ಇವರ ಫೋನು ಎತ್ತಿ ಹಿಡಿದಳೋ ಇಲ್ಲವೋ, ಅತ್ತೆ ಹಿಸಾನೊ ಮೊಣಕೈಯಿಂದ ಸೊಸೆಯನ್ನು ತಿವಿದು ಮಗ ಸೊಸೆಯ ನಡುವೆ ತೂರಿಕೊಂಡು ನಿಂತೇಬಿಟ್ಟರು. ಸೊಸೆ ಚಿಜುರು ಹಲ್ಲು ಕಚ್ಚಿಕೊಂಡೇ ನಕ್ಕಳು. ಗಂಡ ಶುಂಜಿ ಎಂದಿನಂತೆ ಆಕಾಶ ನೋಡಿದ. ಮದುವೆಯಾದಾಗಿನಿಂದ ಇದೇ ಪಾಡು. ಸಮುದ್ರದ ದಂಡೆಯಿರಲಿ, ಗುಡಿಯ ಮೆಟ್ಟಿಲಿರಲಿ, ಒಂಬತ್ತು ವರ್ಷದಲ್ಲಿ ಮೂವರೂ ಇರುವ ಒಂದು ಫೋಟೋದಲ್ಲೂ ಅವಳು ಗಂಡನ ಪಕ್ಕದಲ್ಲಿರಲಿಲ್ಲ.

"ಅಲ್ರೀ, ನಿಮಗೆ ಭಯ ಇಲ್ವಾ?" ಮುದುಕಿ ಫೋನು ಇಳಿಸಿದಳು. "ಮೂವರ ಫೋಟೋದಲ್ಲಿ ನಡುವೆ ನಿಂತೋರು ಮೊದಲು ಹೋಗ್ತಾರೆ ಅಂತ ನಮ್ಮ ಕಾಲದಲ್ಲಿ ಯಾರೂ ಅಲ್ಲಿ ನಿಲ್ತಿರಲಿಲ್ಲ."

"ಗೊತ್ತಿಲ್ದೆ ನಿಂತಿದೀನಾ?" ಹಿಸಾನೊ ದನಿ ತಗ್ಗಿಸಿ ಗದರಿದರು. "ಬಾಳಿ ಬದುಕಬೇಕಾದ ಮಕ್ಕಳನ್ನ ನಿಲ್ಲಿಸ್ಲಾ ಮತ್ತೆ? ಸುಮ್ನೆ ತೆಗೀರಿ."

ಚಿಜುರುವಿನ ನಗು ಅಲ್ಲೇ ನಿಂತಿತು. ಪಕ್ಕೆಗೆ ಒತ್ತಿದ್ದ ಆ ಚೂಪು ಮೊಣಕೈ ಒಂಬತ್ತು ವರ್ಷದಲ್ಲಿ ಮೊದಲ ಸಲ ಬೆಚ್ಚಗೆ ತಾಗಿತು. ಅವಳು ಎದುರಿನ ಅಂಗಡಿಗೆ ಓಡಿಹೋಗಿ, ಆ ಊರಿನ ಮುಖವಿಲ್ಲದ ಕೆಂಪು ಬಟ್ಟೆಯ ಗೊಂಬೆಯೊಂದನ್ನು ತಂದು ಅತ್ತೆಯ ಕೈಗಿಟ್ಟಳು.

"ಈಗ ನಾವು ನಾಲ್ಕು ಜನ. ನಡು ಅನ್ನೋದೇ ಇಲ್ಲ."

"ಇಷ್ಟು ವರ್ಷ ಮುಖ ಊದಿಸ್ಕೊಂಡಿದ್ದೋಳಿಗೆ ಇವತ್ತೇನೇ ಬಂತು?"

ಚಿಜುರು ಆ ಮೊಣಕೈಯೊಳಗೆ ತನ್ನ ಕೈ ತೂರಿಸಿ ಗಟ್ಟಿಯಾಗಿ ಹಿಡಿದುಕೊಂಡಳು. "ಇನ್ನೂ ಬೇಕಾದಷ್ಟು ಫೋಟೋ ಇವೆ, ಅತ್ತೆ. ತಿವಿಯೋಕೆ ನೀವಿರಬೇಕು."