ಅರ್ಧ ಶೀಟು ಮಾತ್ರೆ

“ಪೇಷಂಟು ಯಾವ್ಯಾವ ಮಾತ್ರೆ ತಗೋತಿದ್ರು?” ಎಂದು ನರ್ಸ್ ಕೇಳಿದಾಗ ಟೈಲರಮ್ಮನ ಕೈ ಬ್ಯಾಗಿನೊಳಗೇ ನಿಂತುಬಿಟ್ಟಿತು. ಬೆರಳಿಗೆ ಸಿಕ್ಕಿದ್ದು ಅರ್ಧ ಶೀಟು ಮಾತ್ರೆ. ಉಳಿದರ್ಧ ತಂಗಿಯ ಮನೆಯಲ್ಲಿ, ದಿಂಬಿನ ಕೆಳಗಿತ್ತು. ಆ ತಂಗಿಯೀಗ ಗಾಜಿನಾಚೆ ಉಸಿರಿಗಾಗಿ ಒದ್ದಾಡುತ್ತಿದ್ದಳು. ಕಾಲಲ್ಲಿ ಹೆಪ್ಪುಗಟ್ಟಿದ ರಕ್ತ ಶ್ವಾಸಕೋಶಕ್ಕೆ ನುಗ್ಗಿದೆಯಂತೆ.

ಚಿಕ್ಕಂದಿನಲ್ಲಿ ಒಂದು ಬಳಪ ಸಿಕ್ಕರೂ ಮುರಿದು ಹಂಚಿಕೊಂಡ ಅಕ್ಕತಂಗಿಯರು ಅವರು. ಮುಟ್ಟು ನಿಂತ ಮೇಲೆ ಮೈಯೆಲ್ಲ ಕಾದು ಬೆವರಿ ನಿದ್ದೆಗೆಟ್ಟಿದ್ದ ಅಕ್ಕನಿಗೆ ಡಾಕ್ಟರು ಹಾರ್ಮೋನ್ ಮಾತ್ರೆ ಬರೆದರು. ಬೆವರು ನಿಂತಿತು, ಜೊತೆಗೆ ಕೊಲೆಸ್ಟ್ರಾಲೂ ಇಳಿಯಿತು. ತಂಗಿಯ ಕೊಲೆಸ್ಟ್ರಾಲ್ ಏರಿದ ರಿಪೋರ್ಟ್ ನೋಡಿದ್ದೇ ತಡ, ಬಟ್ಟೆ ಕತ್ತರಿಸುವ ಕತ್ತರಿಯಲ್ಲೇ ಶೀಟನ್ನು ಎರಡು ಮಾಡಿದಳು. “ಡಾಕ್ಟರ ಹತ್ರ ಯಾಕೆ ಅಲೀತೀಯೆ? ನನಗೆ ಇಳಿದದ್ದು ನಿನಗೆ ಇಳಿಯಲ್ವಾ? ಒಂದೇ ಹೊಟ್ಟೇಲಿ ಹುಟ್ಟಿದೋರು ನಾವು.” ಹಿಂದೆ ಹೆರಿಗೆಯ ಹೊತ್ತಿಗೆ ತಂಗಿಯ ಕಾಲು ಬಾತು ರಕ್ತ ಹೆಪ್ಪುಗಟ್ಟಿದ್ದನ್ನು ಡಾಕ್ಟರಾಗಿದ್ದರೆ ಕೇಳಿ ತಿಳಿದು, ಮತ್ತೆ ಹೆಪ್ಪುಗಟ್ಟಿಸಬಲ್ಲ ಈ ಮಾತ್ರೆ ಬೇಡ ಎನ್ನುತ್ತಿದ್ದರು. ಕತ್ತರಿ ಕೇಳಲಿಲ್ಲ.

“ಮಾತ್ರೆ ಅಂದ್ರೆ ನಮ್ಮಮ್ಮ ಮಾರು ದೂರ ಓಡ್ತಾಳೆ,” ಎಂದಳು ತಂಗಿಯ ಮಗಳು, ಕಣ್ಣೊರೆಸಿಕೊಳ್ಳುತ್ತಾ. “ದೊಡ್ಡಮ್ಮ ಕೈಯಾರೆ ಕೊಟ್ರೆ ಮಾತ್ರ ನುಂಗ್ತಾಳೆ. ಅಲ್ವಾ ದೊಡ್ಡಮ್ಮ?”

ನರ್ಸ್ ಪೆನ್ನು ಹಿಡಿದು ಕಾಯುತ್ತಿದ್ದಳು. ಬ್ಯಾಗಿನೊಳಗೆ ಮುಷ್ಟಿ ಬಿಗಿಯಿತು. ತಾನೇ ಕತ್ತರಿಸಿದ ಅಂಚು ಅಂಗೈಗೆ ಚುಚ್ಚಿತು.

“ಏನೂ ತಗೋತಿರಲಿಲ್ಲ,” ಎಂದಳು ಅಕ್ಕ.

ನರ್ಸ್ ಹಾಗೆಯೇ ಬರೆದುಕೊಂಡು ಒಳಗೆ ಹೋದಳು.