ಯುಗಾದಿಗೆ ಬಾಲಿ

"ಈ ಯುಗಾದಿಗೆ ನಾನು ಒಲೆ ಮುಂದೆ ನಿಲ್ಲಲ್ಲ. ಎಲ್ಲಾದರೂ ದೂರ ಹೋಗೋಣ," ಎಂದು ಹೆಂಡತಿ ಹೇಳಿದಾಗ ಗಂಡ ತಕ್ಷಣ ಒಪ್ಪಿದ. ಸಂಜೆ ಹೊತ್ತಿಗೆ ಆ ಪ್ರವಾಸಕ್ಕೆ ಅವನ ಅಪ್ಪ, ಅಮ್ಮ, ತಂಗಿ, ತಂಗಿಯ ಗಂಡ ಎಲ್ಲರೂ ಸೇರಿಕೊಂಡಿದ್ದರು.

"ಹಾಗಾದರೆ ಬಾಲಿಗೆ ಹೋಗೋಣ," ಎಂದಳು ಆಕೆ.

ನಾದಿನಿ ನಕ್ಕಳು. "ಅತ್ತಿಗೆ, ಬಾಲಿ ಯಾವ ದೇಶದಲ್ಲಿದೆ ಅಂತಾದ್ರೂ ಗೊತ್ತಾ?"

"ಇಂಡೋನೇಷ್ಯಾ."

"ಪರವಾಗಿಲ್ವೇ! ಪೇಪರ್ ಓದ್ತಾಳೆ," ಎಂದ ಗಂಡ, ಲ್ಯಾಪ್‌ಟಾಪಿನಿಂದ ತಲೆಯೆತ್ತದೆ. "ಬಾಲಿನೇ ಆಗಲಿ. ಆದ್ರೆ ಹೋಟೆಲ್ ಬೇಡ, ಅಪ್ಪಂಗೆ ಹೊರಗಿನ ಊಟ ಆಗಲ್ಲ. ಅಡುಗೆಮನೆ ಇರೋ ವಿಲ್ಲಾ ತಗೋತೀನಿ."

"ಅಡುಗೆ ಯಾರು ಮಾಡ್ತಾರೆ?"

"ಇದೇನು ಪ್ರಶ್ನೆ? ಹಬ್ಬದ ದಿನ ಒಬ್ಬಟ್ಟು ನೀನೇ ತಾನೇ ಮಾಡೋದು?"

"ಬೇಳೆ, ಬೆಲ್ಲ ಇಲ್ಲಿಂದಲೇ ಒಯ್ದರಾಯ್ತು," ಎಂದರು ಅತ್ತೆ.

"ನಾವೆಲ್ಲ ಬೀಚಿಗೆ ಹೋಗಿ ಬರೋಷ್ಟರಲ್ಲಿ ಬಿಸಿಬಿಸಿ ಇರಬೇಕು ಅತ್ತಿಗೆ," ಎಂದಳು ನಾದಿನಿ. "ನಿಮಗೆ ಸಮುದ್ರ ಯಾಕೆ, ಸ್ಟವ್ ಇದ್ರೆ ಸಾಕು."

ಎಲ್ಲರೂ ನಕ್ಕರು. ಆಕೆ ಗಂಡನ ಪಕ್ಕ ಬಂದು ಕೂತಳು.

"ದಿನ ಮಾತ್ರ ಬದಲಾಯಿಸಬೇಡಿ. ಹಬ್ಬದ ದಿನ ಅಲ್ಲೇ ಇರಬೇಕು."

"ಬುಕ್ ಮಾಡಿದ್ರೆ ಆಮೇಲೆ ರದ್ದು ಮಾಡೋಕಾಗಲ್ಲ. ಒತ್ತಲಾ?"

"ಒತ್ತಿ."

ಅವನು ಒತ್ತಿದ.

"ಈ ಸಲ ಯುಗಾದಿ ದಿನವೇ ಬಾಲಿಯವರಿಗೂ ಹೊಸ ವರ್ಷ," ಎಂದು ಆಕೆ ಎಲ್ಲರಿಗೂ ಕೇಳುವಂತೆ ಹೇಳಿದಳು. "ಅವತ್ತು ಆ ದ್ವೀಪದಲ್ಲಿ ಪ್ರವಾಸಿಗರೂ ಸೇರಿ ಯಾರೂ ಹೊರಗೆ ಕಾಲಿಡೋ ಹಾಗಿಲ್ಲ, ಕೆಲಸ ಮಾಡೋ ಹಾಗಿಲ್ಲ, ಒಲೆ ಹಚ್ಚೋ ಹಾಗಿಲ್ಲ."