ಚಿಟಿಕೆಗೆ ಬೊಗಳುವ ನಾಯಿ

ನಾಯಿ ಸೂರು ಹಾರಿಹೋಗುವಂತೆ ಬೊಗಳಿತು. ಮಧ್ಯಾಹ್ನದ ನಿದ್ದೆ ಕೆಟ್ಟ ಸಾಹೇಬರು ಮಹಡಿಯ ಕಿಟಕಿಯಿಂದಲೇ ಗುಡುಗಿದರು. "ಯಾರದು ಗೇಟಿನ ಹತ್ರ?"

"ನಾನೇ ರೀ. ತರಕಾರಿಗೆ ಹೊರಟಿದ್ದೆ."

"ತರಕಾರಿಗೆ ಅಷ್ಟು ದೊಡ್ಡ ಚೀಲ ಯಾಕೆ? ಇಡೀ ಮಾರ್ಕೆಟ್ಟೇ ಹೊತ್ಕೊಂಡು ಬರ್ತೀಯಾ? ಬಾ ಒಳಗೆ."

ಹೆಂಡತಿ ಚೀಲದ ಸಮೇತ ಒಳಗೆ ಬಂದಳು. ಆ ತಿಂಗಳಲ್ಲಿ ಇದು ನಾಲ್ಕನೇ ಸಲ. ಹಾಳು ನಾಯಿ, ಗೇಟಿನ ಚಿಲಕ ಅಲ್ಲಾಡಿದರೆ ಸಾಕು, ಮನೆಯವರೋ ಹೊರಗಿನವರೋ ನೋಡದೆ ಬೀದಿಗೆಲ್ಲ ಡಂಗುರ ಸಾರುತ್ತಿತ್ತು.

ಸಾಹೇಬರು ನಿವೃತ್ತರಾಗಿ ವರ್ಷವಾಗಿತ್ತು. ಕಚೇರಿಯಲ್ಲಿ ಹನ್ನೆರಡು ಜನ ಗುಮಾಸ್ತರು ಅವರು ಚಿಟಿಕೆ ಹೊಡೆದರಷ್ಟೇ ಬಾಯಿ ಬಿಡುತ್ತಿದ್ದರು. ಈಗ ಆ ಚಿಟಿಕೆಗೆ ಉಳಿದವಳು ಹೆಂಡತಿಯೊಬ್ಬಳೇ. ನಾಯಿಯಂತೂ ಸೊಪ್ಪೇ ಹಾಕುತ್ತಿರಲಿಲ್ಲ. ಅಯ್ಯೋ, ಅದೂ ಎಂಥ ಹೊತ್ತಿನಲ್ಲಿ! ಬಡಾವಣೆ ಸಂಘದ ಅಧ್ಯಕ್ಷರು ಕುರ್ಚಿ ಬಿಡುವವರಿದ್ದರು, ಆ ಕುರ್ಚಿಯ ಮೇಲೆ ಸಾಹೇಬರಿಗೆ ಪ್ರಾಣ. ಅಧ್ಯಕ್ಷರು ಮುಖದ ಮೇಲೆ ಹೊಡೆದಂತೆ ಹೇಳಿದ್ದರು: "ಒಂದು ನಾಯೀನ ಸುಮ್ನಿರಿಸೋಕಾಗದವರು ಬಡಾವಣೆ ಏನು ನೋಡ್ಕೋತೀರಿ? ಮುಂದಿನ ತಿಂಗಳು ಮನೆಗೇ ಬರ್ತೀನಿ, ಆಮೇಲೆ ಮಾತಾಡೋಣ."

ಕಾಫಿ ಲೋಟ ಮುಂದಿಡುತ್ತಾ ಹೆಂಡತಿಯೇ ದಾರಿ ತೋರಿಸಿದಳು. "ನೀವು ಚಿಟಿಕೆ ಹೊಡೆದಾಗ ಮಾತ್ರ ಬೊಗಳೋ ಹಾಗೆ ಕಲಿಸೋಣ ರೀ. ಈ ಮನೇಲಿ ನಿಮ್ಮ ಅಪ್ಪಣೆ ಇಲ್ದೆ ಅದೊಂದು ಯಾಕೆ ಬಾಯಿ ಬಿಡ್ಬೇಕು?"

ಸಾಹೇಬರು ಉಬ್ಬಿಹೋದರು. ಮದುವೆಯಾದ ಇಪ್ಪತ್ತೆರಡು ವರ್ಷಕ್ಕೆ ಮೊದಲ ಸಲ ಹೆಂಡತಿಯ ಬುದ್ಧಿಯನ್ನು ಹೊಗಳಿದರು.

ಪಾಠ ಶುರುವಾಯಿತು. ಚಿಟಿಕೆ ಸಾಹೇಬರದು, ಬಿಸ್ಕತ್ತು ಹೆಂಡತಿಯದು. ಚಿಟಿಕೆಗೆ ಬೊಗಳಿದರೆ ಬಿಸ್ಕತ್ತು, ತನ್ನಿಷ್ಟಕ್ಕೆ ಬೊಗಳಿದರೆ ಬರಿಗೈ. ಸಾಹೇಬರಿಗೆ ಎರಡೇ ದಿನಕ್ಕೆ ಬೇಜಾರು ಬಂತು. ಹೆಂಡತಿ ಮಾತ್ರ ಪಟ್ಟು ಬಿಡಲಿಲ್ಲ. ಚಿಲಕ ಅಲ್ಲಾಡಿಸಿ ನೋಡುವಳು, ಗೇಟು ತೆಗೆದು ನೋಡುವಳು, ನಾಯಿ ತೆಪ್ಪಗಿದ್ದರೆ ಎರಡು ಬಿಸ್ಕತ್ತು ಹಾಕುವಳು. ಎಷ್ಟಾದರೂ ಗಂಡ ಅಧ್ಯಕ್ಷನಾಗಲಿ ಎಂಬ ಆಸೆ, ಪಾಪ, ಅಂದುಕೊಂಡರು ಸಾಹೇಬರು.

ಅಧ್ಯಕ್ಷರು ಬರುವ ಭಾನುವಾರ ಬಂತು. ಸಾಹೇಬರು ಮಹಡಿಯಲ್ಲಿ ಟೈ ಕಟ್ಟಿ, ಬಿಚ್ಚಿ, ಮತ್ತೆ ಕಟ್ಟಿ ಕೆಳಗಿಳಿಯುವಷ್ಟರಲ್ಲಿ ಅಧ್ಯಕ್ಷರು ಸೋಫಾದಲ್ಲಿ ಕೂತಾಗಿತ್ತು, ಕಾಲ ಬುಡದಲ್ಲಿ ನಾಯಿ. ಸಾಹೇಬರು ಎದೆ ಸೆಟೆಸಿ ಚಿಟಿಕೆ ಹೊಡೆದರು. "ಬೌ!" ಇನ್ನೊಂದು ಚಿಟಿಕೆ. "ಬೌ!" ಅಧ್ಯಕ್ಷರು ಚಪ್ಪಾಳೆ ತಟ್ಟಿದರು.

"ಭೇಷ್! ಕುರ್ಚಿ ನಿಮ್ಮದೇ ಬಿಡಿ."

ಸಾಹೇಬರಿಗೆ ಸ್ವರ್ಗಕ್ಕೆ ಮೂರೇ ಗೇಣು. "ಲೇ, ಕಾಫಿ ತಾರೇ!" ಒಳಗಿನಿಂದ ಸದ್ದಿಲ್ಲ. ಅಡುಗೆಮನೆಯ ಕಡೆ ತಿರುಗಿ ಚಿಟಿಕೆ ಹೊಡೆದರು. ನಾಯಿ ಬೊಗಳಿತು.

"ಒಳಗೆಲ್ಲಿದ್ದಾರೆ ಸಾರ್?" ಅಂದರು ಅಧ್ಯಕ್ಷರು. "ನಾನು ಬರೋವಾಗಲೇ ಟ್ಯಾಕ್ಸಿ ಹತ್ತಿದ್ರಲ್ಲ. ಮೂರು ಸೂಟ್‌ಕೇಸು, ಒಂದನ್ನ ನಾನೇ ಎತ್ತಿಕೊಟ್ಟೆ. 'ಯಾವಾಗ ವಾಪಸ್ಸು?' ಅಂದಿದ್ದಕ್ಕೆ ಸುಮ್ನೆ ನಕ್ರು. ನಿಮ್ಮ ನಾಯಿ ಶಿಸ್ತು ಅಂದ್ರೆ ಶಿಸ್ತು ಬಿಡಿ, ರಸ್ತೆವರೆಗೂ ಬಾಲ ಅಲ್ಲಾಡಿಸ್ಕೊಂಡು ಬಿಟ್ಟು ಬಂತು!"